ಕೆಂಪು ಸಾಸಿನ ಬೀಗರು

ಕಾರ್ಲಿಸ್ ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಯಾರೂ ಅವನ ಸಂಬಳ ಕೇಳಲಿಲ್ಲ, ಅವನು ಯಾವ ಚರ್ಚಿಗೆ ಹೋಗುತ್ತಾನೆಂದೂ ಕೇಳಲಿಲ್ಲ. ಊರು ಲೆಕ್ಸಿಂಗ್ಟನ್ ಎಂದಳು. ಅಷ್ಟೇ ಸಾಕಾಯಿತು. ಅವಳ ಅಪ್ಪ, ಅಂದರೆ ನನ್ನ ತಮ್ಮ ಡಾಲ್ಟನ್, ಬಾಯಿಗೆ ಒಯ್ಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ. ನಮ್ಮಪ್ಪ ಕಣ್ಣು ಮುಚ್ಚಿಕೊಂಡ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಅವರ ಮನೆಯಲ್ಲಿ ಸಾಸಿಗೆ ಟೊಮ್ಯಾಟೊ ಹಾಕುತ್ತಾರಾ ಎಂದು.

ಹಾಕುತ್ತಾರಂತೆ. ಹಾಕುವುದೇನು ಬಂತು, ಹುಡುಗನ ಅಪ್ಪನಿಗೆ ಅದೇ ಕಸುಬು. ಗಾರ್ಲಂಡ್ ಎವರ್ಹಾರ್ಟ್ ಅಂತ, ಲೆಕ್ಸಿಂಗ್ಟನ್ನಿನಲ್ಲಿ ಬಹಳ ವರ್ಷದಿಂದ ಬಾರ್ಬೆಕ್ಯೂ ಅಂಗಡಿ ಇಟ್ಟುಕೊಂಡಿರುವವನು. ಇಷ್ಟು ದೊಡ್ಡ ಉತ್ತರ ಕೆರೊಲಿನಾದಲ್ಲಿ ಈ ಹುಡುಗಿಗೆ ಬೇರೆ ಗಂಡೇ ಸಿಗಲಿಲ್ಲವೇ?

ನಮ್ಮದು ಮೂಡಣ ಸೀಮೆ. ಇಲ್ಲಿ ಬಾರ್ಬೆಕ್ಯೂ ಎಂದರೆ ಇಡೀ ಹಂದಿ, ಮೂತಿಯಿಂದ ಬಾಲದವರೆಗೆ. ಓಕ್ ಸೌದೆಯ ಕೆಂಡ. ವಿನೆಗರ್, ಉಪ್ಪು, ಒಣಮೆಣಸಿನಕಾಯಿಯ ತರಿ, ಮುಗಿಯಿತು. ಲೆಕ್ಸಿಂಗ್ಟನ್ ಕಡೆಯ ಪಡುವಣದವರು ಹಂದಿಯ ಭುಜ ಒಂದನ್ನೇ ಬೇಯಿಸುತ್ತಾರೆ, ಪಾಪ ಆ ಪ್ರಾಣಿಗೆ ದೇವರು ಬೇರೆ ಅಂಗವನ್ನೇ ಕೊಟ್ಟಿಲ್ಲ ಎನ್ನುವ ಹಾಗೆ. ಅದರ ಮೇಲೆ ಕೆಚಪ್ಪು, ಸಕ್ಕರೆ ಕದಡಿದ ಕೆಂಪು ನೀರು ಸುರಿಯುತ್ತಾರೆ. ಅದಕ್ಕೆ ‘ಡಿಪ್’ ಎಂದು ಹೆಸರು ಬೇರೆ. ಎಲೆಕೋಸಿನ ಕೋಸಂಬರಿಯನ್ನೂ ಬಿಡದೆ ಕೆಂಪು ಮಾಡುತ್ತಾರೆ. ನಮ್ಮ ಮುತ್ತಜ್ಜಿಯ ಕಾಲದಲ್ಲಿ ಈ ಕಡೆ ಟೊಮ್ಯಾಟೊ ಎಂದರೆ ವಿಷ ಎಂದು ನಂಬಿದ್ದರು. ಆ ನಂಬಿಕೆಯಲ್ಲಿ ಏನೋ ಇದ್ದಿರಬೇಕು.

ದಕ್ಷಿಣ ಕೆರೊಲಿನಾದವರು ಸಾಸಿವೆ ಹಾಕಿ ಹಳದಿ ಮಾಡಿಕೊಳ್ಳುತ್ತಾರೆ. ಅಲಬಾಮಾದಲ್ಲಿ ಬಿಳಿ ಸಾಸ್ ಅಂತೆ, ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಟೆಕ್ಸಸ್‌ನವರು ದನದ ಮಾಂಸ ಸುಟ್ಟು ಅದಕ್ಕೇ ಬಾರ್ಬೆಕ್ಯೂ ಎನ್ನುತ್ತಾರೆ. ಅವರೆಲ್ಲ ದೂರದವರು, ಹೇಗಾದರೂ ಹಾಳಾಗಿ ಹೋಗಲಿ. ಆದರೆ ಪಡುವಣದವರು ನಮ್ಮದೇ ರಾಜ್ಯದವರು, ನಮ್ಮದೇ ಬೈಬಲ್ ಓದುವವರು, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬಂದು ಸೇರುವಷ್ಟು ಹತ್ತಿರ ಇರುವವರು. ಗೊತ್ತಿದ್ದೂ ಮಾಡುತ್ತಾರಲ್ಲ, ಅದಕ್ಕೇ ನನಗೆ ಸಿಟ್ಟು.

ಆದರೂ ಆ ಮದುವೆಯ ಹೊತ್ತಿಗೆ ನನಗೆ ಸಾಸಿಗಿಂತ ದೊಡ್ಡ ಚಿಂತೆಯೊಂದಿತ್ತು. ನಮ್ಮದೂ ಅಂಗಡಿಯೇ. ನಾಲ್ಕು ರಸ್ತೆ ಕೂಡುವಲ್ಲಿ ತಗಡಿನ ಸೂರು, ಹಿತ್ತಲಲ್ಲಿ ಉದ್ದನೆಯ ಇಟ್ಟಿಗೆ ಒಲೆ. ಒಲೆ ಅಪ್ಪ ಕಟ್ಟಿದ್ದು. ಆ ವರ್ಷದ ಮೊದಲಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ತೊದಲಾಯಿತು. ಒಲೆ ನನ್ನ ಪಾಲಿಗೆ ಬಂತು. ಬಂತು ಎಂದರೇನು, ನಾನೇ ಸಲಿಕೆ ಕೈಗೆ ತೆಗೆದುಕೊಂಡೆ. ಹೆಂಗಸಾದವಳು ಕೋಸಂಬರಿ ಹೆಚ್ಚಬೇಕು, ಮೆಕ್ಕೆಜೋಳದ ರೊಟ್ಟಿ ಮಾಡಬೇಕು, ಕೆಂಡದ ಹತ್ತಿರ ಸುಳಿಯಬಾರದು ಎಂದು ಈ ಸೀಮೆಯ ಗಂಡಸರ ನಂಬಿಕೆ. ಅವರ ನಂಬಿಕೆಯನ್ನು ಕಟ್ಟಿಕೊಂಡು ನನಗೇನಾಗಬೇಕು? ಎಳವೆಯಿಂದ ಆ ಹೊಗೆಯಲ್ಲೇ ಬೆಳೆದವಳು ನಾನು, ಗಂಡ ತೀರಿಕೊಂಡ ಮೇಲೆ ಮತ್ತೆ ಅದೇ ಹೊಗೆಗೆ ಬಂದವಳು. ಹಂದಿಯ ಚರ್ಮದ ಬಣ್ಣ ನೋಡಿ ಒಳಗೆ ಎಷ್ಟು ಬೆಂದಿದೆ ಎಂದು ಹೇಳಬಲ್ಲೆ. ಆ ಕೆಲಸ ನನಗೆ ಪ್ರಾಣ.

ಡಾಲ್ಟನ್‌ಗೆ ಗ್ಯಾಸ್ ಬೇಕಿತ್ತು. ಸುತ್ತಲ ಹೊಲಗಳಲ್ಲಿ ಹೊಗೆಸೊಪ್ಪು ಹದ ಮಾಡುವ ಮನೆಗಳಿಗೆಲ್ಲ ಗ್ಯಾಸ್ ಬಂದಾಗಿನಿಂದ ಅವನ ತಲೆಗೆ ಅದೇ ಹುಳ ಹೊಕ್ಕಿತ್ತು. ಸೌದೆ ಒಡೆಸುವುದು ಬೇಡ, ಬೂದಿ ಬಳಿಯುವುದು ಬೇಡ, ಗುಂಡಿ ತಿರುಗಿಸಿ ಮನೆಗೆ ಹೋಗಿ ಹಾಯಾಗಿ ಮಲಗಬಹುದು ಎನ್ನುತ್ತಿದ್ದ. ಒಲೆಯನ್ನು ಒಡೆದುಹಾಕಿ ಉಕ್ಕಿನ ಪೆಟ್ಟಿಗೆ ಇಡುವುದಕ್ಕೆ ಒಬ್ಬನನ್ನು ಗೊತ್ತು ಮಾಡಿ ಅಳತೆಗೆ ಸೋಮವಾರ ಬರಲೂ ಹೇಳಿದ್ದ. ನಾನು ಕೂಗಾಡಿದೆ. ಅವನೂ ಕೂಗಾಡಿದ. ಅಪ್ಪ ಎಡಗೈಯಿಂದ ಮೇಜು ಬಡಿದು ಇಬ್ಬರ ಬಾಯಿಯನ್ನೂ ಮುಚ್ಚಿಸಿದ. ಶನಿವಾರ ಕಾರ್ಲಿಸ್ ಮದುವೆಯ ಊಟಕ್ಕೆ ನೆಟ್ಟಿ, ಅಂದರೆ ನಾನು, ಹಂದಿ ಬೇಯಿಸಲಿ, ಸರಿಯಾಗಿ ಬಂದರೆ ಸೌದೆ ಒಲೆ ಉಳಿಯಲಿ, ಕೆಟ್ಟರೆ ಡಾಲ್ಟನ್ ಹೇಳಿದ ಹಾಗೆ ಆಗಲಿ. ಇಷ್ಟನ್ನು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಮನೆ ಯಜಮಾನನ ಮಾತು, ಅದರ ಮೇಲೆ ಮಾತಿಲ್ಲ.

ಮದುವೆಯ ದಿನ ಬೆಳಕು ಹರಿಯುವಾಗ ನಾನು ಒಲೆಯ ಮುಂದಿದ್ದೆ. ಅಕ್ಟೋಬರಿನ ಚಳಿ, ಹುಲ್ಲಿನ ಮೇಲೆ ಮಂಜು. ಉರಿ ಹಾಕುವ ಡ್ರಮ್ಮಿನಲ್ಲಿ ಓಕ್ ತುಂಡುಗಳು ಚಟಪಟ ಸಿಡಿಯುತ್ತಿದ್ದವು. ಎರಡು ಹಂದಿ, ಬೆನ್ನು ಸೀಳಿ ಪುಸ್ತಕದ ಹಾಗೆ ತೆರೆದವು, ಮಾಂಸದ ಮಗ್ಗುಲು ಕೆಳಗಾಗಿ ಜಾಲರಿಯ ಮೇಲೆ ಮಲಗಿದ್ದವು. ನನ್ನ ಮೈಯಲ್ಲಿ ನಿಜವಾಗಿಯೂ ಮಿಂಚು ಓಡಾಡುತ್ತಿತ್ತು. ರಸ್ತೆಯಲ್ಲಿ ಹೋಗುವವರೆಲ್ಲ ಹಾರ್ನ್ ಹೊಡೆದು ಕೈ ಬೀಸಿ ಹೋಗುತ್ತಿದ್ದರು, ನಾನು ಸಲಿಕೆ ಎತ್ತಿ ಬೀಸುತ್ತಿದ್ದೆ. ಹತ್ತು ಗಂಟೆಗೆ ಮೊದಲೇ ಚರ್ಮದ ಮೇಲೆ ಜೇನಿನ ಬಣ್ಣ ಇಳಿಯತೊಡಗಿತು. ಇವತ್ತು ಗೆದ್ದೆ ಎಂದುಕೊಂಡೆ. ಒಬ್ಬಳೇ ಇದ್ದೆನಲ್ಲ, ಒಂದೆರಡು ಹೆಜ್ಜೆ ಕುಣಿದೂಬಿಟ್ಟೆ.

ಆ ಹೊತ್ತಿಗೆ ಕಾರ್ಲಿಸ್ ತಲೆಗೆಲ್ಲ ಸುರುಳಿ ಸುತ್ತಿಕೊಂಡು ಅವಳಪ್ಪನ ಕೋಟು ಹೊದ್ದು ಓಡಿಬಂದಳು. ತಾಯಿಯಿಲ್ಲದ ಹುಡುಗಿ, ನಾನೇ ಸಾಕಿದವಳು. ಬಂದವಳು ಹಂದಿಯನ್ನೂ ನೋಡಲಿಲ್ಲ, ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು.

"ಅತ್ತೆ, ಇವತ್ತೊಂದು ದಿನ ನಿನ್ನ ಬಾಯಿ ಕಟ್ಕೊ. ಅವ್ರು ಸಾಸ್ ಬಗ್ಗೆ ಏನಂದ್ರೂ ಸುಮ್ನಿರು. ನನ್ ಮಾವನ ಮಾನ ತೆಗೀಬೇಡ. ನಂಗೋಸ್ಕರ."

ನಾನು ಯಾವಾಗ ಯಾರ ಮಾನ ತೆಗೆದಿದ್ದೇನೆ ಎಂದು ಕೇಳಿದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಲು ಶುರುಮಾಡಿದಳು. ಆಗಲಿ ಮಾರಾಯ್ತಿ ಎಂದು ಮಾತು ಕೊಟ್ಟೆ.

ಬೀಗರು ಹನ್ನೊಂದಕ್ಕೆಲ್ಲ ಬಂದಿಳಿದರು. ಉಳಿದವರು ಚರ್ಚಿನ ಕಡೆ ಹೋದರೆ ಗಾರ್ಲಂಡ್ ಒಬ್ಬನೇ ಹೊಗೆಯ ವಾಸನೆ ಹಿಡಿದು ಸೀದಾ ನಮ್ಮ ಹಿತ್ತಲಿಗೆ ಬಂದ. ಉದ್ದನೆಯ ಆಳು, ಮೈಕಟ್ಟಿಗೆ ಬಿಗಿಯಾದ ಹೊಸ ಸೂಟು, ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು. ಕೋಟಿನ ಜೇಬು ಉಬ್ಬಿತ್ತು. ಜೇಬಿನಲ್ಲೇನು ಎಂದು ನಾನು ಕೇಳಬೇಕಾಗಿರಲಿಲ್ಲ, ಬಾಟಲಿಯ ಕೆಂಪು ಬಿರಡೆ ಇಣುಕುತ್ತಿತ್ತು. ಮದುವೆಯ ಊಟಕ್ಕೆ ಸ್ವಂತ ಸಾಸ್ ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಪುಣ್ಯಾತ್ಮ. ನನ್ನ ಮೈಯೆಲ್ಲ ಉರಿದುಹೋಯಿತು. ಕಾರ್ಲಿಸ್ ಮುಖ ನೆನಸಿಕೊಂಡು ನಕ್ಕೆ.

ಅವನು ತಗಡಿನ ಮುಚ್ಚಳದ ಅಂಚು ಎತ್ತಿ ಮೂಗು ತೂರಿಸಿದ. ಓಕ್ ಸೌದೆಯೇ, ನಾವು ಹಿಕರಿ ಮರದ್ದು ಬಿಟ್ಟು ಬೇರೆ ಹಾಕುವುದಿಲ್ಲ ಎಂದ. ಒಳ್ಳೆಯದು ಎಂದೆ. ಇಷ್ಟು ದೊಡ್ಡ ಹಂದಿಯಲ್ಲಿ ಭುಜ ಬಿಟ್ಟು ಮಿಕ್ಕಿದ್ದನ್ನು ಯಾರು ತಿನ್ನುತ್ತಾರೆ ಎಂದ. ಹಲ್ಲಿರುವವರು ತಿನ್ನುತ್ತಾರೆ ಎಂದೆ. ಅದು ಬಾಯಿತಪ್ಪಿ ಬಂದದ್ದು. ಅವನು ತಲೆ ಹಿಂದಕ್ಕೆ ಹಾಕಿ ನಕ್ಕ, ಹಲ್ಲೆಲ್ಲ ಗಟ್ಟಿಯಾಗಿಯೇ ಇದ್ದವು. ನಿಜ ಹೇಳಬೇಕೆಂದರೆ ಮನುಷ್ಯ ನನಗೆ ಅಷ್ಟರಲ್ಲೇ ಹಿಡಿಸಿಬಿಟ್ಟ. ಕೆಂಡದ ಕೆಲಸದವರಿಗೆ ಕೆಂಡದ ಕೆಲಸದವರನ್ನು ಕಂಡರೆ ಹಾಗೆಯೇ ಆಗುತ್ತದೆ. ಇಬ್ಬರೂ ಬೂದಿಯ ಬಗ್ಗೆ, ಹಸಿ ಸೌದೆಯ ಬಗ್ಗೆ, ಮಳೆಗಾಲದ ಗೋಳಿನ ಬಗ್ಗೆ ಮಾತಾಡುತ್ತ ನಿಂತೆವು.

ಹನ್ನೆರಡಾಗುತ್ತ ಬಂತು. ಎರಡು ಗಂಟೆಗೆ ಚರ್ಚಿನಲ್ಲಿ ಮದುವೆ. ನಾನಿನ್ನೂ ಮಸಿ ಬಟ್ಟೆಯಲ್ಲೇ ಇದ್ದೆ. ಒಲೆ ನೋಡಿಕೊಳ್ಳಲು ಒಪ್ಪಿದ್ದ ಪಕ್ಕದ ಮನೆಯ ಪರ್ವಿಸ್ ಬರುವುದು ಒಂದು ಗಂಟೆಗೆ. ಗಾರ್ಲಂಡ್ ನನ್ನ ಚಡಪಡಿಕೆ ನೋಡಿದ.

"ಹೋಗಿ ಸ್ನಾನ ಮಾಡ್ಕೊಂಡ್ ಬನ್ನಿ ಬೀಗಿತಿ. ನಾನಿಲ್ವಾ? ಕೆಂಡ ಕಾಯೋದನ್ನೇ ಮಾಡ್ಕೊಂಡ್ ಬಂದೋನು ನಾನು."

ಸುಮ್ಮನೆ ಒಂದು ಕಣ್ಣಿಟ್ಟಿರಿ, ಏನೂ ಮುಟ್ಟಬೇಡಿ ಎಂದೆ. ಅವನು ಕುರ್ಚಿ ಎಳೆದು ಕೂತ. ನಾನು ಓಡಿದೆ. ಮನೆ ಎಷ್ಟು ದೂರ, ಕೂಗಿದರೆ ಕೇಳುವಷ್ಟು.

ಸ್ನಾನ ಮುಗಿಸಿ ನೀಲಿ ರೇಷ್ಮೆಯ ಫ್ರಾಕು ಹಾಕಿಕೊಂಡು, ಕಿವಿಗೆ ಅಮ್ಮನ ಮುತ್ತಿನ ಓಲೆ ಸಿಕ್ಕಿಸುತ್ತ ಅಡುಗೆಮನೆಯ ಕಿಟಕಿಗೆ ಬಂದೆ. ಒಲೆಯ ಹೊಗೆ ಬಿಳಿಯಾಗಿದ್ದರೆ ಜೀವಕ್ಕೆ ನೆಮ್ಮದಿ. ಅಲ್ಲಿ ಏಳುತ್ತಿದ್ದದ್ದು ಕಪ್ಪು ಹೊಗೆ. ಒಂದು ಕಿವಿಯಲ್ಲಿ ಓಲೆ, ಇನ್ನೊಂದು ಕೈಯಲ್ಲಿ, ಚಪ್ಪಲಿಯೂ ಇಲ್ಲ, ಹಾಗೇ ಓಡಿದೆ.

ಆಗಿದ್ದು ಇಷ್ಟು. ನಾನು ಅತ್ತ ಹೋದ ಮೇಲೆ ಗಾರ್ಲಂಡ್ ಒಲೆಯ ಬಾಗಿಲು ತೆಗೆದು ಒಳಗೆ ನೋಡಿದ್ದಾನೆ. ಹಂದಿಯ ಎರಡು ತುದಿಗೂ ಕೆಂಡ ಇದೆ, ಭುಜದ ಕೆಳಗೆ, ತೊಡೆಯ ಕೆಳಗೆ. ನಡುವೆ ಏನೂ ಇಲ್ಲ, ಬರೀ ಬೂದಿ. ಪಾಪ, ಮದುವೆಯ ಗಡಿಬಿಡಿಯಲ್ಲಿ ಬೀಗಿತಿ ಮರೆತಿದ್ದಾಳೆ ಎಂದುಕೊಂಡಿದ್ದಾನೆ. ಉಪಕಾರ ಮಾಡೋಣವೆಂದು ಡ್ರಮ್ಮಿನಿಂದ ನಿಗಿನಿಗಿ ಕೆಂಡ ತಂದು ಈ ತುದಿಯಿಂದ ಆ ತುದಿಯವರೆಗೆ ಸಮನಾಗಿ ಹರಡಿದ್ದಾನೆ. ಬರೀ ಭುಜ ಬೇಯಿಸುವವನು ಮಾಡಬೇಕಾದ್ದೇ ಅದು, ಭುಜಗಳನ್ನು ಸಾಲಾಗಿ ಇಟ್ಟರೆ ಕೆಂಡವೂ ಸಾಲಾಗಿ ಇರಬೇಕು. ಆದರೆ ಇಡೀ ಹಂದಿಯ ನಡುವೆ ಇರುವುದು ಹೊಟ್ಟೆ. ಅಲ್ಲಿ ಮಾಂಸ ತೆಳು, ಮಿಕ್ಕಿದ್ದೆಲ್ಲ ಕೊಬ್ಬು. ಅದರ ಕೆಳಗೆ ಕೆಂಡ ಇಟ್ಟರೆ ದೀಪಕ್ಕೆ ಎಣ್ಣೆ ಸುರಿದ ಹಾಗೆ. ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ಅವರ ಸೀಮೆಯಲ್ಲಿ ಅಷ್ಟು ದೊಡ್ಡ ಕಸುಬಿನವನಿಗೂ ಗೊತ್ತಿರಲಿಲ್ಲ.

ನಾನು ಅಲ್ಲಿಗೆ ಮುಟ್ಟುವಾಗ ಒಲೆಯ ಬಾಯಿಂದ ಜ್ವಾಲೆ ಹೊರಗೆ ಚಾಚುತ್ತಿತ್ತು. ಗಾರ್ಲಂಡ್ ಕೋಟು ಬಿಸಾಡಿ ಬೂದಿ ಎರಚುತ್ತಿದ್ದ. ನೀರು ಹಾಕುವ ಹಾಗಿಲ್ಲ, ಹಾಕಿದರೆ ಬೂದಿ ಹಾರಿ ಮಾಂಸವೆಲ್ಲ ಹಾಳು, ಕೊಬ್ಬು ಸಿಡಿದು ಮುಖವೂ ಹಾಳು. ಅಷ್ಟು ಅವನಿಗೂ ಗೊತ್ತಿತ್ತು, ಪುಣ್ಯ. ನಾನು ಸಲಿಕೆ ಕಿತ್ತುಕೊಂಡು ಮಂಡಿಯೂರಿ ನಡುವಿನ ಕೆಂಡವನ್ನು ಬಾಚಿ ಬಾಚಿ ಹೊರಗೆಳೆದೆ. ಹುಲ್ಲೆಲ್ಲ ಕೆಂಡ. ಫ್ರಾಕಿನ ಅಂಚು ಹೊಗೆಯಾಡತೊಡಗಿತು, ಅದನ್ನು ಇನ್ನೊಂದು ಕೈಯಿಂದ ಹೊಸಕಿ ಹಾಕಿದೆ. ಬಾಗಿಲು ಮುಚ್ಚು ಎಂದು ಕೂಗಿದೆ, ಬಹುವಚನವೆಲ್ಲ ಎಲ್ಲಿಗೆ ಹೋಯಿತೋ. ಅವನು ಮುಚ್ಚಿದ. ಗಾಳಿ ಸಿಗದೆ ಉರಿ ಕುಗ್ಗಿತು, ಆದರೆ ಎರಡನೆಯ ಹಂದಿಯ ಹೊಟ್ಟೆಯಲ್ಲಿ ಕೊಬ್ಬು ಇನ್ನೂ ಉರಿಯುತ್ತಲೇ ಇತ್ತು. ಅದನ್ನು ಈಗಲೇ ಮಗುಚಬೇಕು, ಕೊಬ್ಬು ಮೇಲಾಗಬೇಕು, ಇಲ್ಲದಿದ್ದರೆ ಹೋಯಿತು.

ಮಗುಚುವುದೇ ಈ ಕೆಲಸದ ಕಷ್ಟ. ಮೇಲೊಂದು ಜಾಲರಿ ಇಟ್ಟು ಕೆಳಗಿನದರ ಜೊತೆ ಹಿಡಿದು ಎರಡು ಕಡೆಯವರು ಒಂದೇ ಉಸಿರಿಗೆ ತಿರುಗಿಸಬೇಕು. ಒಬ್ಬರು ತುಸು ಹಿಂದೆ ಬಿದ್ದರೂ ಚರ್ಮ ಹರಿಯುತ್ತದೆ, ಮಾಂಸವೆಲ್ಲ ಬೆಂಕಿಗೆ ಬೀಳುತ್ತದೆ. ಗಾರ್ಲಂಡ್ ಜನ್ಮದಲ್ಲಿ ಹಂದಿ ಮಗುಚಿದವನಲ್ಲ. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ, ನನ್ನ ಕೈ ನೋಡಬೇಡ, ನನ್ನ ಉಸಿರು ನೋಡು. ಉಸಿರೆಳೆದೆ. ಎತ್ತಿದೆವು. ಬೆಂಕಿಯ ಝಳಕ್ಕೆ ನನ್ನ ಹುಬ್ಬು ಚುರುಗುಟ್ಟಿತು. ತಿರುಗಿತು. ಚರ್ಮ ಹರಿಯಲಿಲ್ಲ. ಒಂದು ಗೆರೆಯೂ ಬಿಡಲಿಲ್ಲ. ನಾನು ಖುಷಿಯಿಂದ ಕಿರುಚಿಬಿಟ್ಟೆ, ಅಂಥ ಹೊತ್ತಿನಲ್ಲೂ.

ಉರಿ ಆರಿದ ಮೇಲೆ ನೋಡಿದರೆ ಒಂದು ಹಂದಿ ಚೆನ್ನಾಗಿಯೇ ಇತ್ತು, ಹೊಟ್ಟೆಯ ಹತ್ತಿರ ಸ್ವಲ್ಪ ಕರಿಕಾಗಿತ್ತು ಅಷ್ಟೇ. ಇನ್ನೊಂದರ ಪಕ್ಕೆಲುಬು, ಹೊಟ್ಟೆ ಪೂರ್ತಿ ಇದ್ದಿಲು. ಭುಜ, ತೊಡೆ, ಕೆನ್ನೆ ಉಳಿದಿದ್ದವು. ಗಾರ್ಲಂಡ್ ಬಿಸಾಡಿದ್ದ ಕೋಟು ಎತ್ತಿಕೊಂಡ. ಆಮೇಲೆ ತಪ್ಪು ತನ್ನದು, ಈಗಲೇ ಹೋಗಿ ಡಾಲ್ಟನ್‌ಗೆ ಹೇಳುತ್ತೇನೆ ಎಂದ.

ಹೇಳಿಬಿಡು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನನ್ನ ಒಲೆ ಉಳಿಯುತ್ತದೆ. ಆದರೆ ಹೇಳಿದರೆ ಮದುವೆಯ ದಿನವೇ ಮದುಮಗನ ಅಪ್ಪ ಊರಿನ ಮುಂದೆ ನಗೆಪಾಟಲಾಗುತ್ತಾನೆ. ಡಾಲ್ಟನ್ ಆ ಮಾತನ್ನು ಸಾಯುವ ತನಕ ಎತ್ತಿ ಆಡುತ್ತಾನೆ, ನನಗೆ ಅವನು ಗೊತ್ತಿಲ್ಲವೇ. ಅನುಭವಿಸುವವಳು ಆ ಹುಡುಗಿ. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡೆ.

"ಒಂದ್ ಮಾತೂ ಆಡ್ಬೇಡಿ ಬೀಗರೆ. ಮಗು ಮದ್ವೆ ದಿನ ಇದು. ಕೈ ತೊಳ್ಕೊಂಡು ಚರ್ಚಿಗೆ ನಡೀರಿ."

ಸೋಮವಾರದ ಗ್ಯಾಸಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಪರ್ವಿಸ್‌ನನ್ನು ಒಲೆಯ ಬಳಿ ಕೂರಿಸಿ, ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿ ಚರ್ಚಿಗೆ ಹೋದೆ. ನೀಲಿ ಫ್ರಾಕಿನ ಅಂಚು ಕರಿಕಾಗಿತ್ತು, ನನ್ನಿಂದ ಹೊಗೆಯ ವಾಸನೆ ಬರುತ್ತಿತ್ತು, ಅಕ್ಕಪಕ್ಕದವರು ಸರಿದು ಕೂತರು. ಕಾರ್ಲಿಸ್ ಬೆಳದಿಂಗಳ ಹಾಗಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಸಾಕಿದವಳು ಅಳುತ್ತಿದ್ದಾಳೆ ಎಂದು ಎಲ್ಲರಿಗೂ ಕರುಳು ಕರಗಿತು. ನಾನು ಅರ್ಧ ಅತ್ತದ್ದು ಹುಡುಗಿಗೆ, ಇನ್ನರ್ಧ ಒಲೆಗೆ.

ಊಟ ನಮ್ಮ ಹಿತ್ತಲಿನ ಪೆಕನ್ ಮರಗಳ ಕೆಳಗೆ. ಚರ್ಚಿನಿಂದ ಜನ ಬರುವ ಮೊದಲೇ ನಾನು ಮರದ ದಿಮ್ಮಿಯ ಮುಂದೆ ನಿಂತು ಕರಿಕಾದದ್ದನ್ನು ಕತ್ತರಿಸಿ ತೆಗೆಯುತ್ತಿದ್ದೆ. ಗಾರ್ಲಂಡ್ ಬಂದು ಪಕ್ಕದಲ್ಲಿ ನಿಂತ, ಕೇಳದೆಯೇ ಇನ್ನೊಂದು ಮಚ್ಚು ಎತ್ತಿಕೊಂಡ. ಮದುಮಗನ ಅಪ್ಪ ಅಂಗಿಯ ತೋಳು ಮಡಿಸಿ ಹಂದಿ ಕೊಚ್ಚಲು ನಿಂತದ್ದನ್ನು ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದೆ. ಬೀಗರು ಕೆಲಸಗಳ್ಳರಲ್ಲ ಅಂದುಕೊಳ್ಳುತ್ತಾರೆ ಎಂದ. ಅವನ ಕೈ ಎಂಥ ಕೈ! ಭುಜದ ಹೊರಗಿನ ಕಂದು ಭಾಗವನ್ನು ಬೇರೆ, ಒಳಗಿನ ಬೆಳ್ಳನೆಯದನ್ನು ಬೇರೆ ಮಾಡುತ್ತ ಹೋದ. ನಮ್ಮಲ್ಲಿ ಹಾಗಲ್ಲ, ಭುಜ, ತೊಡೆ, ಕೆನ್ನೆ ಎಲ್ಲ ಒಟ್ಟಿಗೆ ಕೊಚ್ಚಿ, ಗರಿಗರಿ ಚರ್ಮವನ್ನೂ ಪುಡಿ ಮಾಡಿ ಸೇರಿಸಬೇಕು ಎಂದು ಅವನ ಎರಡು ಗುಡ್ಡೆಯನ್ನೂ ನಾನು ಒಂದು ಮಾಡಿದೆ. ಅವನಿಗೆ ಮಗುವಿನ ಆಟಿಕೆ ಕಿತ್ತುಕೊಂಡ ಹಾಗಾಯಿತು. ಕೆನ್ನೆಯ ಮಾಂಸ ಜೀವಮಾನದಲ್ಲಿ ತಿಂದಿಲ್ಲ ಎಂದ, ಒಂದು ತುಣುಕು ಕೊಟ್ಟೆ. ತಿಂದು ಮತ್ತೆ ಮಚ್ಚು ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ನಾನು ಅತ್ತ ತಿರುಗಿದಾಗ ಇನ್ನೊಂದು ತುಣುಕು ಬಾಯಿಗೆ ಹಾಕಿಕೊಂಡ, ನೋಡಿದೆ.

ಮೇಜುಗಳು ತುಂಬಿದವು. ಬಲಗಡೆ ನಮ್ಮವರು, ಎಡಗಡೆ ಅವರು, ಯಾರೂ ಹೇಳದೆ ತಾವಾಗಿಯೇ ಹಾಗೆ ಕೂತರು. ನಮ್ಮ ಕಡೆಯ ಮೇಜಿನ ಮೇಲೆ ನನ್ನ ವಿನೆಗರ್ ಬಾಟಲಿಗಳು, ಅವರ ಕಡೆ ಎಲ್ಲಿಂದಲೋ ಕೆಂಪು ಬಾಟಲಿಗಳು ಉದ್ಭವವಾದವು, ಒಂದಲ್ಲ, ಒಬ್ಬೊಬ್ಬರ ಕೈಚೀಲದಿಂದಲೂ. ತಮಾಷೆ, ಗಲಾಟೆ, ಪಿಟೀಲಿನ ಸದ್ದು, ಬಿಸಿ ರೊಟ್ಟಿಯ ತಟ್ಟೆಗಳು ಕೈಯಿಂದ ಕೈಗೆ ಓಡುತ್ತಿದ್ದವು. ಅವರ ಕಡೆಯ ಒಬ್ಬ ಮುದುಕಿ ನನ್ನ ಸಾಸ್ ನೆಕ್ಕಿ ನೋಡಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು, ಆಮೇಲೆ ಇನ್ನಷ್ಟು ಬೇಕೆಂದಳು. ನನಗೆ ಹಾರಾಡುವಷ್ಟು ಖುಷಿ. ಒಂದು ಗಳಿಗೆ ಎಲ್ಲ ಮರೆತೇಹೋಗಿತ್ತು.

ಆದರೆ ಮಾಂಸ ಸಾಲಲಿಲ್ಲ. ಕೊನೆಯ ಎರಡು ಮೇಜಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಾಣಿಸಿತು. ಡಾಲ್ಟನ್ ಎದ್ದು ಒಲೆಯ ಕಡೆ ಹೋದದ್ದನ್ನು ನೋಡಿದೆ. ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದ ಇದ್ದಿಲಾದ ಪಕ್ಕೆಲುಬುಗಳನ್ನು ಎತ್ತಿ ನೋಡಿದ. ವಾಪಸು ಬಂದವನು ಅಪ್ಪನ ಗಾಲಿಕುರ್ಚಿಯ ಪಕ್ಕದಲ್ಲಿ ನಿಂತ. ಅಪ್ಪ ಕೂತಿದ್ದು ಮದುಮಕ್ಕಳ ಮೇಜಿನಲ್ಲಿ, ಗಾರ್ಲಂಡ್ ಎದುರಿಗೆ. ಡಾಲ್ಟನ್ ಜೋರಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನೋಡಿದ್ಯಾ ಅಪ್ಪ? ಅರ್ಧ ಹಂದಿ ಸುಟ್ಟು ಬೂದಿ ಮಾಡಿದ್ದಾಳೆ. ಹೆಂಗಸರ ಕೈಗೆ ಒಲೆ ಕೊಟ್ರೆ ಇಷ್ಟೇ. ಅಕ್ಕ, ಬೇಜಾರ್ ಮಾಡ್ಕೋಬೇಡ, ಮಾತು ಮಾತೇ. ಸೋಮವಾರ ಒಲೆ ಒಡೆಸ್ತೀನಿ, ಗ್ಯಾಸ್ ಹಾಕಿಸ್ತೀನಿ."

ಪಿಟೀಲು ನಿಂತಿತು. ನನ್ನ ಕೈಯಲ್ಲಿ ಕೋಸಂಬರಿಯ ಬೋಗುಣಿ ಇತ್ತು, ಅದನ್ನು ಅವನ ತಲೆಯ ಮೇಲೆ ಬೋರಲು ಹಾಕುವುದೊಂದು ಬಾಕಿ. ಕಾರ್ಲಿಸ್ ನನ್ನನ್ನೇ ನೋಡುತ್ತಿದ್ದಳು. ಹಲ್ಲು ಕಚ್ಚಿ ಹಿಡಿದೆ. ಜೀವಮಾನದಲ್ಲಿ ನಾನು ಉತ್ತರ ಕೊಡದೆ ಬಿಟ್ಟ ಮಾತು ಅದೊಂದೇ.

ಗಾರ್ಲಂಡ್ ಎದ್ದು ನಿಂತ. ಮುಖ ಕೆಂಪಗೆ ಕಾದಿತ್ತು.

"ಏನಂದ್ರಿ? ಗ್ಯಾಸಾ?"

ಡಾಲ್ಟನ್ ತಬ್ಬಿಬ್ಬಾಗಿ, ಹ್ಞೂಂ, ಈಗ ಎಲ್ಲ ಕಡೆ ಅದೇ ಅಲ್ಲವೇ ಬೀಗರೆ ಎಂದ.

"ಆ ಹಂದಿ ಸುಟ್ಟೋನು ನಾನು. ಅವ್ರಲ್ಲ. ನಡುವೆ ಕೆಂಡ ಇಲ್ಲ ಅಂತ ನಾನೇ ಹಾಕ್ದೆ. ಮಧ್ಯಾಹ್ನದಿಂದ ಬಾಯಿ ಮುಚ್ಕೊಂಡಿದ್ದೆ, ಆಯಮ್ಮ ಮುಚ್ಕೊ ಅಂದ್ರು ಅಂತ. ಕೇಳಿ ಎಲ್ರೂ, ಲೆಕ್ಸಿಂಗ್ಟನ್ನಿನ ಗಾರ್ಲಂಡ್ ಎವರ್ಹಾರ್ಟ್‌ಗೆ ಹಂದಿ ಬೇಯ್ಸೋಕ್ ಬರಲ್ಲ."

ಅವರ ಕಡೆಯ ಮೇಜುಗಳಲ್ಲಿ ಯಾರೋ ಫೋರ್ಕು ಕೆಳಗೆ ಬೀಳಿಸಿದರು. ಅವನ ಹೆಂಡತಿ ಅವನ ಅಂಗಿ ಎಳೆದಳು. ಅವನು ಅದನ್ನು ಬಿಡಿಸಿಕೊಂಡು ಇನ್ನೂ ಮುಂದಕ್ಕೆ ಹೋದ. ನನ್ನ ಸಾಸ್ ಅವನಿಗೆ ಇಷ್ಟವಾಗಿಲ್ಲವಂತೆ. ಅದನ್ನು ಸುರಿದರೆ ಚರ್ಚಿನ ಬೆಂಚಿನ ಬಣ್ಣ ಎದ್ದುಹೋಗುತ್ತದಂತೆ. ಕೋಸಂಬರಿಯೂ ಬೆಳ್ಳಗೆ ರೋಗಿಷ್ಟನ ಹಾಗಿದೆಯಂತೆ. ನನಗೆ ಮತ್ತೆ ಸಿಟ್ಟು ಏರಿತು. ಆದರೆ, ಎಂದ ಅವನು, ಕೈ ಆ ಕಡೆ ಈ ಕಡೆಯ ಎರಡೂ ಸಾಲುಗಳ ಮೇಲೆ ಬೀಸಿ, ನಾವು ಸಾಸಿಗೆ ಜಗಳ ಆಡುವುದು ಸೌದೆಯ ಕೆಂಡದಲ್ಲಿ ಬೆಂದ ಮಾಂಸದ ಮೇಲೆ. ಗ್ಯಾಸಿನ ಮಾಂಸಕ್ಕೆ ಯಾವ ಸಾಸ್ ಹಾಕಿದರೇನು, ಜಗಳ ಆಡುವುದಕ್ಕಾದರೂ ಏನಿರುತ್ತದೆ?

"ಈ ಒಲೆ ಒಡೆದ್ರೆ ನನ್ ಮಗ ಈ ಮನೆ ಊಟ ಮುಟ್ಟಲ್ಲ ಡಾಲ್ಟನ್. ಇದು ಬೀಗನ ಮಾತು."

ಮದುಮಗ ವೇಡ್ ಅಪ್ಪನ ಮುಖ ನೋಡಿ, ಹೆಂಡತಿಯ ಮುಖ ನೋಡಿ, ಇಬ್ಬರೂ ಏನೂ ಸುಳಿವು ಕೊಡದೆ ಇದ್ದದ್ದರಿಂದ ತಟ್ಟೆ ನೋಡಿಕೊಂಡ. ಕಾರ್ಲಿಸ್ ಮಾತ್ರ ನಗು ತಡೆಯಲು ಮುಸುಕನ್ನು ಬಾಯಿಗೆ ತುರುಕಿಕೊಂಡಿದ್ದಳು. ನಮ್ಮ ಸಾಲಿನ ಗಂಡಸರು ಒಬ್ಬೊಬ್ಬರೇ ಮೇಜು ಬಡಿಯತೊಡಗಿದರು, ಎಡಗಡೆಯವರೂ ಸೇರಿಕೊಂಡರು. ಪೂರ್ವ ಪಶ್ಚಿಮ ಎರಡೂ ಸೇರಿ ಒಂದೇ ಸಮನೆ ಮೇಜು ಬಡಿದದ್ದನ್ನು ನಾನು ಅದೇ ಮೊದಲು ಕಂಡದ್ದು. ಡಾಲ್ಟನ್ ಬಿಡಲಿಲ್ಲ. ಯಾರು ಸುಟ್ಟರೂ ಸುಟ್ಟದ್ದು ಸುಟ್ಟದ್ದೇ, ಅರ್ಧ ಹಂದಿ ಹೋಯಿತಲ್ಲ ಎಂದ.

ಆಗ ಅಪ್ಪ ಎಡಗೈ ಎತ್ತಿದ. ಅವನು ಗಾರ್ಲಂಡ್ ಕಡೆ ತಿರುಗಿ, ಒಂದೊಂದೇ ಅಕ್ಷರ ಜೋಡಿಸುತ್ತ ಕೇಳಿದ.

"ನಡುವಿಗಾ ಹಾಕಿದ್ದು? ಎಷ್ಟು?"

ಗಾರ್ಲಂಡ್ ತಲೆ ತಗ್ಗಿಸಿ, ಎರಡು ತೋಳನ್ನೂ ಬಾಚಿ ತಬ್ಬುವಷ್ಟು ಅಗಲ ತೋರಿಸಿದ. ಡ್ರಮ್ಮಿನಲ್ಲಿ ಇದ್ದದ್ದೆಲ್ಲ, ಯಜಮಾನರೆ ಎಂದ.

ಅಪ್ಪ ಆ ತೋಳುಗಳನ್ನೇ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಏನಾಯಿತೋ ಎಂದು ನಾನು ಬೋಗುಣಿ ಇಟ್ಟು ಓಡಿದೆ. ಅಪ್ಪ ನಗುತ್ತಿದ್ದ. ಲಕ್ವ ಹೊಡೆದ ಮೇಲೆ ನಕ್ಕೇ ಇರಲಿಲ್ಲ, ಬಾಯಿಯ ಒಂದು ಮಗ್ಗುಲು ಮಾತ್ರ ಮೇಲೆ ಹೋಗುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಅಷ್ಟು ಕೆಂಡ ಹಾಕಿದರೆ ಎರಡೂ ಹಂದಿ ಹೋಗಬೇಕಿತ್ತು, ಮೇಲಿನ ಸೂರೂ ಹೋಗಬೇಕಿತ್ತು, ಜನ ತಿಂದದ್ದಾದರೂ ಏನು ಹಾಗಾದರೆ ಎಂದು ಡಾಲ್ಟನ್‌ನನ್ನು ಕೇಳಿದ. ಡಾಲ್ಟನ್ ಕೂಡ ಆ ಒಲೆಯ ಮುಂದೆ ಬೆಳೆದವನೇ, ಅಂಥ ಬೆಂಕಿಯಿಂದ ಒಂದೂವರೆ ಹಂದಿ ಉಳಿಸುವುದು ಎಂಥ ಕೆಲಸ ಎಂಬ ಲೆಕ್ಕ ಅವನಿಗೂ ಗೊತ್ತು. ಸೋಮವಾರ ಬರುವವನಿಗೆ ಬೇಡ ಎಂದು ಹೇಳುತ್ತೇನೆ ಅಪ್ಪ ಎಂದು ಗೊಣಗಿ ಕೂತ.

ಅಪ್ಪ ನನ್ನ ಕರಿಕಾದ ಫ್ರಾಕಿನ ಅಂಚನ್ನು ಎಡಗೈಯಲ್ಲಿ ಹಿಡಿದು ಹತ್ತಿರ ಎಳೆದುಕೊಂಡ.

"ನನ್ ಕೈಲಿ ಆಗ್ತಿರ್ಲಿಲ್ಲ, ನೆಟ್ಟಿ. ಕೈ ನೆಟ್ಟಗಿದ್ದಾಗ್ಲೂ ಆಗ್ತಿರ್ಲಿಲ್ಲ."

ಈ ಸೀಮೆಯಲ್ಲಿ ಅಪ್ಪನಿಗಿಂತ ಚೆನ್ನಾಗಿ ಹಂದಿ ಬೇಯಿಸಿದವರಿಲ್ಲ, ಅದನ್ನು ಅವನೂ ಬಲ್ಲ, ಊರೂ ಬಲ್ಲದು. ನಾನು ಅಷ್ಟು ಜನರ ಮುಂದೆ, ಬೀಗರ ಮುಂದೆ, ಮೂಗು ಬಾಯಿ ಒಂದು ಮಾಡಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.